ಸರ್ಪಸುತ್ತು ಎದ್ದರೆ ಮೂರು ದಿನ ಕಾಯಬೇಡಿ

ಕಾಫಿ ಹಣ್ಣು ಕುಯ್ಯುವ ಕಾಲ. ನಮ್ಮ ಯಜಮಾನರು ಬಲಪಕ್ಕೆ ಉರಿ ಅಂತ ಎರಡು ದಿನ ನರಳಿದರು. ಮೂಟೆ ಎತ್ತಿ ಹಿಡ್ಕೊಂಡಿದೆ ಅಂದುಕೊಂಡು ನಾನು ನೋವಿನ ಎಣ್ಣೆ ತಿಕ್ಕಿದೆ. ಮೂರನೇ ದಿನ ಅಂಗಿ ತೆಗೆಸಿ ನೋಡಿದರೆ ಬೆನ್ನಿನಿಂದ ಹೊಟ್ಟೆವರೆಗೆ ಒಂದೇ ಪಕ್ಕದಲ್ಲಿ ಪಟ್ಟಿ ಎಳೆದ ಹಾಗೆ ಕೆಂಪಗಾಗಿತ್ತು. ಅದರ ಮೇಲೆ ಸಾಸಿವೆ ಕಾಳಿನಷ್ಟು ನೀರುಗುಳ್ಳೆಗಳು ಗೊಂಚಲು ಗೊಂಚಲಾಗಿ ಎದ್ದಿದ್ದವು. ಬಟ್ಟೆ ತಾಗಿದರೂ ಕೆಂಡ ಇಟ್ಟ ಹಾಗಾಗುತ್ತದೆ ಅನ್ನುತ್ತಿದ್ದರು.

ತಲೆ ಬಾಲ ಕೂಡಿದರೆ ಜೀವಕ್ಕೇ ಅಪಾಯ, ಕೆಮ್ಮಣ್ಣು ಹಚ್ಚಿ ಅಂತ ನೋಡಲು ಬಂದವರು ಹೇಳಿದರು. ಹಚ್ಚಿದೆವು. ಹಸಿಯಾಗಿದ್ದಾಗ ತಂಪು, ನಿಜ. ಒಣಗಿದ ಮೇಲೆ ಕಿತ್ತು ಬರುವಾಗ ಗುಳ್ಳೆ ಒಡೆದು ಕೀವಾಯಿತು. ಮೂಡಿಗೆರೆಗೆ ಡಾಕ್ಟರ ಹತ್ತಿರ ಹೋಗುವಾಗ ಗುಳ್ಳೆ ಎದ್ದು ಐದು ದಿನ ಕಳೆದಿತ್ತು. ವೈರಸ್ಸನ್ನು ಅಡಗಿಸುವ ಮಾತ್ರೆಯನ್ನು ಗುಳ್ಳೆ ಎದ್ದ 72 ಗಂಟೆಯೊಳಗೆ ಶುರು ಮಾಡಬೇಕು, ಆಗಲೇ ಅದು ಚೆನ್ನಾಗಿ ಕೆಲಸ ಮಾಡುವುದು. ಗಾಯ ಮಾಗಿದರೂ ಅವರ ಪಕ್ಕೆಯ ಚುಳುಕು ಯುಗಾದಿ ಕಳೆದರೂ ಹೋಗಲಿಲ್ಲ. ತಡ ಮಾಡಿದ ಆ ಎರಡು ದಿನ ನನಗೆ ಈಗಲೂ ಕೊರೆಯುತ್ತದೆ.

ಚಿಕ್ಕಂದಿನಲ್ಲಿ ಅಮ್ಮ, ಅಂದರೆ ಚಿಕನ್ ಪಾಕ್ಸ್, ಆಗಿರುತ್ತದಲ್ಲ, ಅದೇ ವೈರಸ್ಸು ಇದು. ನರದ ಬುಡದಲ್ಲಿ ವರ್ಷಗಟ್ಟಲೆ ಸುಮ್ನೆ ಮಲಗಿದ್ದು, ವಯಸ್ಸಾಗಿ ಮೈಯ ಕಸುವು ಇಳಿದಾಗ ಒಂದು ನರ ಹಿಡಿದು ಚರ್ಮಕ್ಕೆ ಬರುತ್ತದೆ. ಎಡದ ನರ ಬೇರೆ, ಬಲದ ನರ ಬೇರೆ. ಅದಕ್ಕೇ ಸಾಮಾನ್ಯವಾಗಿ ನಡುಗೆರೆ ದಾಟುವುದಿಲ್ಲ. ಹಾವು ಸುತ್ತುತ್ತದೆ ಅನ್ನುವ ಭಯ ಬಿಡಿ.

ಮನೆಯಲ್ಲಿ ಮಾಡಬೇಕಾದ್ದು ಸ್ವಲ್ಪವೇ. ಒಗೆದು ಒಗೆದು ಮೆತ್ತಗಾದ ಹಳೇ ಪಂಚೆ ಹರಿದು, ತಣ್ಣೀರಲ್ಲಿ ಅದ್ದಿ ಹಿಂಡಿ, ಹತ್ತು ನಿಮಿಷ ಮೆಲ್ಲಗೆ ಇಡಿ. ತಿಕ್ಕಬೇಡಿ, ಐಸ್ ನೇರವಾಗಿ ಇಡಬೇಡಿ. ಆಮೇಲೆ ಒಣ ಬಟ್ಟೆ ಒತ್ತಿ ಒರೆಸಿ, ಸಡಿಲವಾದ ಹತ್ತಿ ಅಂಗಿ ಹಾಕಿಸಿ. ಬೇವಿನ ಸೊಪ್ಪು ಹಾಸುವುದಾದರೆ ಹಾಸಿ, ಮಾತ್ರೆ ಮಾತ್ರ ಒಂದು ಹೊತ್ತೂ ತಪ್ಪಿಸಬೇಡಿ.

ಗುಳ್ಳೆ ಒಣಗಿ ಹಕ್ಕಳೆ ಕಟ್ಟಲು ಏಳರಿಂದ ಹತ್ತು ದಿನ ಬೇಕು. ಅಲ್ಲಿಯವರೆಗೆ ಜಾಗ ಮುಚ್ಚಿಟ್ಟು, ಮುಟ್ಟಿದ ಕೈ ಸೋಪು ಹಾಕಿ ತೊಳೆಯಿರಿ. ಗುಳ್ಳೆಯ ನೀರು ತಾಗಿದರೆ ಅಮ್ಮ ಆಗದವರಿಗೆ ಅಮ್ಮ ಆಗಬಹುದು. ಬಸುರಿ ಸೊಸೆ, ಎಳೆ ಮಗು ಮನೆಯಲ್ಲಿದ್ದರೆ ಜಾಸ್ತಿ ಜೋಪಾನ ಬೇಕು, ಅಲ್ವಾ? 50 ದಾಟಿದವರಿಗೆ ಇದು ಬಾರದಂತೆ ಲಸಿಕೆಯೂ ಇದೆ, ಡಾಕ್ಟರನ್ನು ಕೇಳಿ.

ಹಣೆ, ಕಣ್ಣಿನ ಸುತ್ತ, ಮೂಗಿನ ತುದಿಯಲ್ಲಿ ಗುಳ್ಳೆ ಕಂಡರೆ ಕಣ್ಣಿಗೇ ಪೆಟ್ಟಾಗಬಹುದು. ಅವತ್ತು ತೋಟದ ಕೆಲಸ ಬಿಟ್ಟು, ಅದೇ ದಿನ ಕಣ್ಣಿನ ಡಾಕ್ಟರಿಗೆ ತೋರಿಸಿ.