ಇಟಿಪಿಗೆ (ಕಾರ್ಖಾನೆಯ ತ್ಯಾಜ್ಯ ನೀರು ಶುದ್ಧ ಮಾಡುವ ಘಟಕಕ್ಕೆ) ಹೋಗುವ ಮೊದಲೇ ಅಯೋಡಿನ್ ಹಿಡಿಯುವುದು: ನನ್ನ ಅನುಭವ

ಕಾರವಾರದ ಹತ್ತಿರ ಔಷಧಿಯ ಕಚ್ಚಾ ಮಾಲು ಮಾಡುವ ಸಣ್ಣ ಘಟಕದಲ್ಲಿ ನಾನು ಕೆಮಿಸ್ಟ್. ನಮ್ಮ ಒಂದು ಉತ್ಪನ್ನಕ್ಕೆ ಸೋಡಿಯಂ ಅಯೋಡೈಡ್ ಬೇಕು. ಆದರೆ ಕೆಲಸ ಮುಗಿದ ಮೇಲೆ ಅದರಲ್ಲಿದ್ದ ಅಯೋಡಿನ್ ಪೂರಾ ತೊಳೆದ ನೀರಿಗೇ ಬರುತ್ತದೆ. ಚಿಲಿ, ಜಪಾನ್‌ಗಳಿಂದ ಹಡಗಿನಲ್ಲಿ ಬರುವ ದುಬಾರಿ ಮಾಲು ಇದು. ಅಡುಗೆ ಉಪ್ಪಿಗೆ 30 ಪಿಪಿಎಂ (ಹತ್ತು ಲಕ್ಷಕ್ಕೆ 30 ಪಾಲು) ಲೆಕ್ಕದಲ್ಲಿ ಹಾಕಿದರೆ 1 ಕೆಜಿ ಅಯೋಡಿನ್ 33 ಟನ್ ಉಪ್ಪಿಗೆ ಸಾಕು. ಸಾಣಿಕಟ್ಟಾದ ಉಪ್ಪಿನ ಆಗರ ನೋಡುತ್ತಾ ಬೆಳೆದ ನನಗೆ ಆ ರಾಶಿ ಎಷ್ಟು ದೊಡ್ಡದು ಅಂತ ಗೊತ್ತು.

ಇದನ್ನು ಮರಳಿ ಪಡೆಯಬೇಕಾದರೆ ನೀರಿನಲ್ಲಿ ಕರಗಿರುವ ಅಯೋಡೈಡನ್ನು ಮತ್ತೆ ಅಯೋಡಿನ್ ಮಾಡಬೇಕು. ಅದು ಕಾಲೇಜು ಪ್ರಾಕ್ಟಿಕಲ್‌ನಷ್ಟೇ ಸುಲಭ. ಕಷ್ಟ ಇರುವುದು ಅದಕ್ಕೂ ಮೊದಲು, ಡ್ರೈನೇಜಿನಲ್ಲಿ. ಎಲ್ಲ ನೀರೂ ಒಂದೇ ಗುಂಡಿಗೆ ಬೀಳುತ್ತಿದ್ದರೆ ಈ ಕೆಲಸಕ್ಕೆ ಕೈ ಹಾಕಲೇಬೇಡಿ. ಅಸಿಟೋನ್ ಸೇರಿದ ನೀರಿಗೆ ಆಸಿಡ್ ಹಾಕಿ ಅಯೋಡಿನ್ ಬಿಡಿಸಿದರೆ ಅಯೋಡೋಅಸಿಟೋನ್ ಆಗುತ್ತದೆ, ಅಶ್ರುವಾಯುವಿನ ಜಾತಿಯದ್ದು. ಅಮೋನಿಯಾ ಸೇರಿದರೆ ಇನ್ನೂ ಅಪಾಯ. ಅಯೋಡಿನ್ ಜೊತೆ ಅದು ಮಾಡುವ ಕಪ್ಪು ಪುಡಿ ಒಣಗಿದ ಮೇಲೆ ಮುಟ್ಟಿದರೂ ಸಿಡಿಯುತ್ತದೆ. ಹಾಗಾಗಿ ನಾವು ಮೊದಲು ಮಾಡಿದ್ದು ಪ್ಲಂಬಿಂಗ್ ಕೆಲಸ. ಅಯೋಡೈಡ್ ನೀರಿಗೇ ಬೇರೆ ಪೈಪು, ಬೇರೆ ಟ್ಯಾಂಕು. ಪೈಪು ಪ್ಲಾಸ್ಟಿಕ್‌ದು, ರಿಯಾಕ್ಟರ್ ಗ್ಲಾಸ್‌ಲೈನ್ಡ್, ಅಂದರೆ ಒಳಗೆ ಗಾಜಿನ ಪದರ ಇರುವುದು. ಸ್ಟೇನ್‌ಲೆಸ್ ಸ್ಟೀಲನ್ನು ಅಯೋಡಿನ್ ತಿಂದುಹಾಕುತ್ತದೆ.

ಆಮೇಲೆ ಯಾವ ಆಕ್ಸಿಡೈಸರ್ (ಅಯೋಡೈಡನ್ನು ಅಯೋಡಿನ್ ಮಾಡುವ ರಾಸಾಯನಿಕ) ಎಂಬ ಪ್ರಶ್ನೆ. ಸೋಡಿಯಂ ನೈಟ್ರೈಟ್ ಅಗ್ಗ, ಆದರೆ ಕಂದು ಹೊಗೆ ಬರುತ್ತದೆ. ಅಮೈನ್ ಏನಾದರೂ ಉಳಿದಿದ್ದರೆ ಕ್ಯಾನ್ಸರ್ ತರಬಲ್ಲ ನೈಟ್ರೋಸಮೈನ್ ಆಗುವ ಭಯ. ಔಷಧಿ ಮಾಡುವ ಜಾಗದಲ್ಲಿ ಅದು ಬೇಡವೇ ಬೇಡ. ಕ್ಲೋರಿನ್ ಸ್ವಲ್ಪ ಜಾಸ್ತಿಯಾದರೂ ಬಂದ ಅಯೋಡಿನ್ ಅಯೋಡೇಟ್ ಆಗಿ ಮತ್ತೆ ನೀರಿನಲ್ಲಿ ಕರಗುತ್ತದೆ. ನಾನು ಹೈಡ್ರೋಜನ್ ಪೆರಾಕ್ಸೈಡ್ ಆರಿಸಿಕೊಂಡೆ. 1 ಕೆಜಿ ಅಯೋಡಿನ್‌ಗೆ ಶೇಕಡಾ 50ರ ಪೆರಾಕ್ಸೈಡ್ ಲೆಕ್ಕದಲ್ಲಿ ಸುಮಾರು 270 ಗ್ರಾಂ. ನೀರು ಚೆನ್ನಾಗಿ ಹುಳಿಯಾಗಿರಬೇಕು. ಪಿಎಚ್ 2ರ ಕೆಳಗೆ ಇಡುತ್ತೇವೆ. ಇಲ್ಲದಿದ್ದರೆ ಪೆರಾಕ್ಸೈಡ್ ಸುಮ್ನೆ ಆಕ್ಸಿಜನ್ ಬಿಟ್ಟು ಹಾಳಾಗುತ್ತದೆ.

ನೋಡಬೇಕಾದ್ದು ಬಣ್ಣ. ಮೊದಲು ನೀರು ಹಳದಿ, ಆಮೇಲೆ ಕಡು ಕಂದು. ಅಯೋಡೈಡ್ ಉಳಿದಿರುವ ತನಕ ಹುಟ್ಟಿದ ಅಯೋಡಿನ್ ಅದಕ್ಕೇ ಅಂಟಿಕೊಂಡು ಕರಗಿರುತ್ತದೆ. ಅಯೋಡೈಡ್ ಮುಗಿಯುತ್ತಾ ಬಂದಂತೆ ಕಪ್ಪು ಹರಳು ತಳಕ್ಕೆ ಕೂರುತ್ತದೆ, ಮೇಲಿನ ನೀರು ತಿಳಿಯಾಗುತ್ತದೆ. ನೀರಿನ ಆಕ್ಸಿಡೈಸ್ ಮಾಡುವ ಶಕ್ತಿ ಅಳೆಯುವ ಓಆರ್‌ಪಿ ಮೀಟರ್ ಅದೇ ಹೊತ್ತಿಗೆ ಜಿಗಿಯುತ್ತದೆ. ನಮ್ಮ ಅಂಕೋಲೆಯ ಹಿರಿಯ ಆಪರೇಟರ್ ಮೀಟರ್ ಕಡೆ ನೋಡುವುದೇ ಇಲ್ಲ. ಸೈಟ್‌ಗ್ಲಾಸಿಗೆ ಟಾರ್ಚ್ ಹಿಡಿದು, "ಸಾಕು ಸರ್, ಪೆರಾಕ್ಸೈಡ್ ನಿಲ್ಸಿ" ಅನ್ನುತ್ತಾರೆ. ಆಗ ಮೀಟರ್ ನೋಡಿದರೆ ಜಿಗಿತ ಶುರುವಾಗಿರುತ್ತದೆ!

ಸೋಸಿದ ಹರಳನ್ನು ಒಣಗಿಸುವುದು ಇನ್ನೊಂದು ತಲೆನೋವು. ಕಾರವಾರದ ಮಳೆಗಾಲ ಗೊತ್ತಲ್ವಾ? ಹಾಗಂತ ಬಿಸಿಗಾಳಿ ಬಿಟ್ಟರೆ ಅಯೋಡಿನ್ ನೇರಳೆ ಹೊಗೆಯಾಗಿ ಹೋಗಿಬಿಡುತ್ತದೆ. ಗಟ್ಟಿ ಸಲ್ಫ್ಯೂರಿಕ್ ಆಸಿಡ್ ಕೆಳಗೆ 114 ಡಿಗ್ರಿ ದಾಟಿಸಿ ಕರಗಿಸಿ ನೀರು ತೆಗೆಯುವ ಪದ್ಧತಿ ಉಂಟು. ನಮ್ಮಂಥ ಸಣ್ಣವರಿಗೆ ಅದು ಬೇಡ. ನಾವು ಒದ್ದೆ ಹರಳನ್ನೇ ಡ್ರಮ್ಮಿನಲ್ಲಿ ತುಂಬಿ ಅಯೋಡೈಡ್ ತಯಾರಿಸುವವರಿಗೆ ಕೊಡುತ್ತೇವೆ. ಹೈಪೋ (ಸೋಡಿಯಂ ಥಯೋಸಲ್ಫೇಟ್) ಹಾಕಿ ಅಳೆಯುವ ಟೈಟ್ರೇಶನ್‌ನಲ್ಲಿ ಬಂದ ಅಯೋಡಿನ್‌ಗೆ ಮಾತ್ರ ದುಡ್ಡು, ನೀರಿಗೆ ಇಲ್ಲ.

ಸೋಸಿದ ನೀರಿನಲ್ಲಿ ಲೀಟರಿಗೆ 0.3 ಗ್ರಾಂನಷ್ಟು ಅಯೋಡಿನ್ ಉಳಿದೇ ಉಳಿಯುತ್ತದೆ. ಅದನ್ನು ಮತ್ತೆ ಅಯೋಡೈಡ್ ಮಾಡಲು ಬೈಸಲ್ಫೈಟ್ ಹಾಕಿ ಬಣ್ಣ ಹೋದ ಮೇಲೆಯೇ ಇಟಿಪಿಗೆ ಬಿಡುವುದು. ಹಾಗೇ ಬಿಟ್ಟರೆ ಅಲ್ಲಿನ ಬ್ಯಾಕ್ಟೀರಿಯಾ ಸಾಯುತ್ತವೆ. ಸಾವಯವ ಅಣುವಿನ ಇಂಗಾಲಕ್ಕೆ ಬೆಸೆದುಕೊಂಡ ಅಯೋಡಿನ್ ಮಾತ್ರ ಈ ದಾರಿಗೆ ಬರುವುದಿಲ್ಲ. ಅದನ್ನು ಮೊದಲು ಕಾಸ್ಟಿಕ್‌ನಲ್ಲಿ ಕುದಿಸಿ ಬಿಡಿಸಬೇಕು. ಅಂಥ ನೀರನ್ನು ನಾವು ಸದ್ಯಕ್ಕೆ ಬೇರೆ ಟ್ಯಾಂಕಿನಲ್ಲಿ ಹಿಡಿದಿಟ್ಟಿದ್ದೇವೆ.