ಬ್ರಿಟಿಷ್ ಪೌರತ್ವ: ಹೊರದೇಶದಲ್ಲಿ ಹುಟ್ಟಿದ ಮಗುವಿನ ಅರ್ಜಿಯೂ ಜೊತೆಯಲ್ಲೇ

ಅಪ್ಪ ಅಥವಾ ಅಮ್ಮನ ಎಎನ್ ಫಾರ್ಮಿನಲ್ಲಿ (ವಯಸ್ಕರು ಬ್ರಿಟಿಷ್ ಪೌರತ್ವ ಕೇಳುವ ಅರ್ಜಿ) ಮಗುವಿನ ಹೆಸರು ಬರೆದ ಮಾತ್ರಕ್ಕೆ ಮಗುವಿಗೆ ಪೌರತ್ವ ಸಿಗುವುದಿಲ್ಲ. ಪ್ರತಿ ಮಗುವಿಗೂ ಬೇರೆ ಎಂಎನ್1 ಫಾರ್ಮ್ (ಮಕ್ಕಳ ಪೌರತ್ವ ನೋಂದಣಿಯ ಅರ್ಜಿ), ಬೇರೆ ಶುಲ್ಕ. ಪೋಷಕರ ಮತ್ತು ಮಗುವಿನ ಅರ್ಜಿ ಎರಡನ್ನೂ ಒಟ್ಟಿಗೇ ಸಲ್ಲಿಸಬಹುದು, ಅದೇ ಒಳ್ಳೆಯದು.

ಬ್ರಿಟನ್ನಿನ ಹೊರಗೆ ಹುಟ್ಟಿದ ಮಗುವಿಗೆ ಸಾಮಾನ್ಯವಾಗಿ ಅನ್ವಯಿಸುವುದು 1981ರ ರಾಷ್ಟ್ರೀಯತಾ ಕಾಯ್ದೆಯ 3(1)ನೇ ಕಲಮು. ಇದು ಹಕ್ಕಲ್ಲ, ಹೋಮ್ ಆಫೀಸಿನ (ಬ್ರಿಟನ್ನಿನ ಗೃಹ ಇಲಾಖೆ) ವಿವೇಚನೆ. ಹಾಗಾಗಿ ಮಗುವಿನ ಭವಿಷ್ಯ ಬ್ರಿಟನ್ನಿನಲ್ಲೇ ಎಂದು ದಾಖಲೆಗಳೇ ಹೇಳಬೇಕು: ಶಾಲೆಯ ಪತ್ರ, ಜಿಪಿ (ಕುಟುಂಬ ವೈದ್ಯರ) ನೋಂದಣಿ, ಮಗುವಿನ ಕಾಯಂ ವಾಸದ ಅನುಮತಿ. ಹದಿಮೂರು ದಾಟಿದವರಿಗೆ ಸಾಮಾನ್ಯವಾಗಿ 2 ವರ್ಷದ ವಾಸವನ್ನೂ ನಿರೀಕ್ಷಿಸುತ್ತಾರೆ.

ಎಡವುವುದು ಹೆಚ್ಚಾಗಿ ಒಪ್ಪಿಗೆಯಲ್ಲಿ. ಪೌರತ್ವ ಕೇಳದ ಪೋಷಕರ ಸಹಿಯೂ ಬೇಕು; ಅವರು ಕುಟುಂಬದಿಂದ ದೂರವಾಗಿದ್ದು ಸಹಿ ಸಿಗದಿದ್ದರೆ ಕಾರಣ ವಿವರಿಸಿ, ಕೋರ್ಟ್ ಆದೇಶವಿದ್ದರೆ ಲಗತ್ತಿಸಿ. ಜನನ ಪತ್ರ ಇಂಗ್ಲಿಷಿನಲ್ಲೋ ವೆಲ್ಷಿನಲ್ಲೋ ಇಲ್ಲದಿದ್ದರೆ ಅನುವಾದ ಸೇರಿಸಿ. ಮಗುವಿನ ಗುರುತನ್ನು ದೃಢೀಕರಿಸುವ ಇಬ್ಬರು ರೆಫರಿಗಳಲ್ಲಿ ಒಬ್ಬರು ಶಿಕ್ಷಕರಂತೆ ವೃತ್ತಿಯ ಮೂಲಕ ಮಗುವನ್ನು ಬಲ್ಲವರಾಗಿರಲಿ; ನೆಂಟರು ಆಗುವುದಿಲ್ಲ.

ವಯಸ್ಕರು ಬರೆಯುವ, ಬ್ರಿಟನ್ನಿನ ಬದುಕು-ಇತಿಹಾಸದ ಬಗೆಗಿನ ಲೈಫ್ ಇನ್ ದಿ ಯುಕೆ ಪರೀಕ್ಷೆ ಮಕ್ಕಳಿಗಿಲ್ಲ. ಹತ್ತು ತುಂಬಿದ್ದರೆ ಸನ್ನಡತೆಯ ಪರಿಶೀಲನೆ ಉಂಟು. ಹದಿನೆಂಟು ತುಂಬುವ ಮೊದಲೇ ಅರ್ಜಿ ಹೋಮ್ ಆಫೀಸಿಗೆ ತಲುಪಿರಬೇಕು, ಇಲ್ಲವಾದರೆ ಮಗು ವಯಸ್ಕರ ದಾರಿಯನ್ನೇ ಹಿಡಿಯಬೇಕಾಗುತ್ತದೆ.