ವಠಾರದ ಬಾವಿಗೆ ಬ್ಲೀಚಿಂಗ್ ಹಾಕುತ್ತಿದ್ದ ಬಗೆ

ಐವತ್ತರ ದಶಕದ ಬೆಂಗಳೂರು ಪೇಟೆಗೆ ಹೆಸರಘಟ್ಟ, ತಿಪ್ಪಗೊಂಡನಹಳ್ಳಿಗಳ ನಲ್ಲಿ ನೀರು ಬಂದಿದ್ದರೂ ವಠಾರದ ಬಾವಿಗಳ ರಾಟೆ ನಿಂತಿರಲಿಲ್ಲ. ಕಾಲರಾ, ಟೈಫಾಯಿಡ್ ಸುದ್ದಿ ಬಂದರೆ ಸ್ಯಾನಿಟರಿ ಇನ್ಸ್‌ಪೆಕ್ಟರುಗಳಾದ ನಾವು ಮೊದಲು ಬಗ್ಗಿ ನೋಡುತ್ತಿದ್ದದ್ದು ಅವುಗಳೊಳಗೆ. ಕಟ್ಟೆಯ ಮೇಲಿಂದ ಹಿಡಿ ಹಿಡಿ ಬ್ಲೀಚಿಂಗ್ ಪುಡಿ ಎರಚಿ, ರಿಜಿಸ್ಟರಿನಲ್ಲಿ ಬರೆದು ಹೋಗುವವರೂ ಇದ್ದರು. ಹಾಗೆ ಮಾಡಿದರೆ ತಳದಲ್ಲಿ ಸುಣ್ಣ ಸೇರುತ್ತದೆ, ರೋಗಾಣು ಇದ್ದಲ್ಲೇ ಇರುತ್ತದೆ.

ಬಗ್ಗಿ ನೋಡಿದರೆ ಬರೀ ಕತ್ತಲೆ. ನಾನು ಕೈಗನ್ನಡಿ ಇಟ್ಟುಕೊಂಡಿರುತ್ತಿದ್ದೆ. ಬಿಸಿಲನ್ನು ಅದರಿಂದ ತಿರುಗಿಸಿ ಒಳಗೋಡೆಯ ಮೇಲೆ ಸುತ್ತ ಆಡಿಸಿದರೆ, ಬಚ್ಚಲ ನೀರು ಜಿನುಗುವ ಕಪ್ಪು ಗೆರೆ ಥಟ್ಟನೆ ಕಾಣುತ್ತದೆ. ಪಾಯಿಖಾನೆ, ಮೋರಿ ಬಾವಿಯಿಂದ 50 ಅಡಿ ದೂರ ಇರಬೇಕೆಂಬುದು ನಿಯಮ. ಪೇಟೆಯಲ್ಲಿ 50 ಅಡಿ ಅಂದರೆ ಪಕ್ಕದ ಮನೆಯನ್ನೂ ದಾಟಿ ಹೋಗಬೇಕು! ಹಾಗಾಗಿ ಜಿನುಗನ್ನು ಸಿಮೆಂಟಿನಿಂದ ಮುಚ್ಚಿಸಿ, ಕಟ್ಟೆಯ ಸುತ್ತ ಮೂರಡಿ ಚಪ್ಪಡಿ ಹಾಕಿಸಿ, ಎಲ್ಲರಿಗೂ ಒಂದೇ ಹಗ್ಗ, ಒಂದೇ ಬಕೆಟ್ ಗೊತ್ತು ಮಾಡುತ್ತಿದ್ದೆವು.

ಆಮೇಲೆ ಅಳತೆ. ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, ನೆನೆದಷ್ಟು ಉದ್ದವನ್ನು ಅಡಿಯಲ್ಲಿ ಅಳೆಯಬೇಕು. ವ್ಯಾಸವನ್ನು ಕಟ್ಟೆಯ ಹೊರ ಅಂಚಿನಲ್ಲಿ ಅಳೆದರೆ ಲೆಕ್ಕ ಕೆಟ್ಟಿತು. ನೀರಿನ ಮಟ್ಟದ ಅಗಲವೇ ಬೇಕು. ವ್ಯಾಸವನ್ನು ಅದರಿಂದಲೇ ಗುಣಿಸಿ, ಆಳದಿಂದ ಗುಣಿಸಿ, 5ರಿಂದ ಗುಣಿಸಿದರೆ ಹೆಚ್ಚುಕಡಿಮೆ ಗ್ಯಾಲನ್ (ಒಂದು ಗ್ಯಾಲನ್ ಅಂದರೆ ಸುಮಾರು ನಾಲ್ಕೂವರೆ ಲೀಟರ್). 6 ಅಡಿ ವ್ಯಾಸ, 10 ಅಡಿ ನೀರು ಅಂದರೆ 1800 ಗ್ಯಾಲನ್.

ಪುಡಿ ಎಷ್ಟು ಅನ್ನುವುದನ್ನು ಹೇಳುವುದು ಹಾರಕ್ಸ್ ಪೆಟ್ಟಿಗೆ ಎಂಬ ಪರೀಕ್ಷೆಯ ಪೆಟ್ಟಿಗೆ. ಅದರಲ್ಲಿ ಆರು ಬಿಳಿ ಬಟ್ಟಲು, ಒಂದು ಕಪ್ಪು ಬಟ್ಟಲು, ತಲೆಸವರಿದರೆ 2 ಗ್ರಾಂ ಹಿಡಿಯುವ ಚಮಚ ಇರುತ್ತವೆ. ಕಪ್ಪು ಬಟ್ಟಲಿಗೆ ಒಂದು ಚಮಚ ಪುಡಿ ಹಾಕಿ, ಸ್ವಲ್ಪ ನೀರಲ್ಲಿ ಗಂಟಿಲ್ಲದಂತೆ ಕಲಸಿ, ಗೆರೆಯವರೆಗೆ ನೀರು ತುಂಬಿ ತಿಳಿಯಾಗಲು ಬಿಡಬೇಕು. ಬಿಳಿ ಬಟ್ಟಲುಗಳಿಗೆ ಬಾವಿಯ ನೀರು ತುಂಬಿ, ಮೊದಲನೆಯದಕ್ಕೆ ಆ ತಿಳಿಯ ಒಂದು ಹನಿ, ಎರಡನೆಯದಕ್ಕೆ ಎರಡು, ಹೀಗೆ ಆರರವರೆಗೆ. ಕಲಕಿ ಅರ್ಧ ಗಂಟೆ ಬಿಟ್ಟು, ಒಂದೊಂದಕ್ಕೂ ಕ್ಲೋರಿನ್ ಉಳಿದಿದ್ದರೆ ನೀಲಿಯಾಗುವ ಸ್ಟಾರ್ಚ್-ಅಯೊಡೈಡ್ ದ್ರಾವಣದ ಮೂರು ಹನಿ. ಸ್ಪಷ್ಟವಾಗಿ ನೀಲಿಯಾದ ಮೊದಲ ಬಟ್ಟಲು ಮೂರನೆಯದಾದರೆ 100 ಗ್ಯಾಲನ್‌ಗೆ ಮೂರು ಚಮಚ, ಅಂದರೆ 6 ಗ್ರಾಂ. ನಮ್ಮ 1800 ಗ್ಯಾಲನ್‌ಗೆ 108 ಗ್ರಾಂ. ಆಗಿನ ತೂಕದಲ್ಲಿ ಒಂಬತ್ತು ತೊಲಕ್ಕಿಂತ ಚೂರು ಹೆಚ್ಚು.

ಈ ಪರೀಕ್ಷೆಯ ಜಾಣ್ಮೆ ಏನೆಂದರೆ, ಹಾಕಲಿರುವ ಪುಡಿಯನ್ನೇ ಪರೀಕ್ಷೆಗೂ ಬಳಸುತ್ತೇವೆ. ಹೊಸ ಪುಡಿಯಲ್ಲಿ ರೋಗಾಣು ಕೊಲ್ಲುವ ಕ್ಲೋರಿನ್ ನೂರಕ್ಕೆ ಸುಮಾರು 33 ಭಾಗ ಇದ್ದರೂ ಡಬ್ಬದ ಮುಚ್ಚಳ ಸಡಿಲವಾದರೆ ಅದು ಹಾರಿಹೋಗುತ್ತದೆ. ಪುಡಿ ಸಪ್ಪೆಯಾಗಿದ್ದರೆ ನೀಲಿ ತಾನಾಗಿ ನಾಲ್ಕಕ್ಕೋ ಐದಕ್ಕೋ ಸರಿಯುತ್ತದೆ. ಆರರಲ್ಲೂ ಬಾರದಿದ್ದರೆ ಬೇರೆ ಡಬ್ಬ ತೆರೆದು ಇನ್ನೊಮ್ಮೆ ನೋಡಬೇಕು. ಆಗಲೂ ಬಾರದಿದ್ದರೆ ನೀರೇ ಅಷ್ಟು ಹೊಲಸು, ಬಾವಿ ಬಗ್ಗಡ ತೆಗೆಸಬೇಕು. ಪುಡಿ ಬೆರೆಸದ ನೀರಿಗೂ ಸ್ಟಾರ್ಚ್-ಅಯೊಡೈಡ್ ದ್ರಾವಣದ ಮೂರು ಹನಿ ಹಾಕಿ ನೋಡುವುದು ಒಳ್ಳೆಯದು. ಅದೂ ನೀಲಿಯಾದರೆ ದ್ರಾವಣವೇ ಕೆಟ್ಟಿದೆ.

ಹಾಕುವುದು ರಾತ್ರಿ, ಎಲ್ಲರೂ ನೀರು ಸೇದಿಕೊಂಡ ಮೇಲೆ. ಬಿಸಿಲಿಗೆ ಕ್ಲೋರಿನ್ ಬೇಗ ಕಳೆಯುತ್ತದೆ. ಸಂಜೆಯೇ ಹೇಳಿಟ್ಟರೂ "ಏನ್ ಸ್ವಾಮಿ, ಒಂದ್ ಕೊಡ ಸೇದ್ಕೊಳ್ಳಲಾ?" ಅನ್ನುವವರು ಇದ್ದೇ ಇರುತ್ತಾರೆ. ಒಂದು ಬಕೆಟ್‌ಗೆ 100 ಗ್ರಾಂ ಮೀರಿ ಪುಡಿ ಬೇಡ. 108ಕ್ಕೆ ಎರಡು ಸಲ ಕಲಸುತ್ತಿದ್ದೆ. ಕಲಸಿ ಮುಕ್ಕಾಲು ಬಕೆಟ್ ನೀರು ಸೇರಿಸಿ ಹತ್ತು ನಿಮಿಷ ಬಿಟ್ಟರೆ ಸುಣ್ಣ ತಳ ಸೇರುತ್ತದೆ. ತಿಳಿಯನ್ನು ಇನ್ನೊಂದು ಬಕೆಟ್‌ಗೆ ಬಗ್ಗಿಸಿ, ಗಷ್ಟನ್ನು ಹೊರಗೆ ಚೆಲ್ಲಬೇಕು. ಬಾವಿಗೆ ಬಿದ್ದರೆ ನೀರು ಗಡುಸಾಗಿ ಬೇಳೆ ಬೇಯುವುದಿಲ್ಲ. ತಿಳಿ ತುಂಬಿದ ಬಕೆಟನ್ನು ನೀರೊಳಗೆ ಮುಳುಗಿಸಿ, ಹಗ್ಗ ಜಗ್ಗಿ ಮೇಲೆ ಕೆಳಗೆ, ಆಚೆ ಈಚೆ ಜೋರಾಗಿ ಆಡಿಸಬೇಕು. ಮೇಲಿಂದ ಸುರಿದರೆ ಮೇಲೇ ಉಳಿಯುತ್ತದೆ. ಕಡೇಪಕ್ಷ ಒಂದು ಗಂಟೆ ಯಾರೂ ಸೇದಕೂಡದು.

ಸೊಳ್ಳೆ ಮರಿ ತಿನ್ನಲೆಂದು ಗಂಬೂಸಿಯಾ ಮೀನು ಬಿಟ್ಟ ಬಾವಿಗಳದ್ದು ಬೇರೆ ತಲೆನೋವು. ಕ್ಲೋರಿನ್ ಹೆಚ್ಚಾದರೆ ಮೀನು ಸತ್ತು ತೇಲುತ್ತದೆ, "ವಿಷ ಹಾಕಿದ್ರು" ಅಂತ ವಠಾರವೆಲ್ಲ ಸೇರುತ್ತದೆ. ಮೊದಲೇ ಒಂದಷ್ಟು ಮೀನು ಹಿಡಿದು ತೊಟ್ಟಿಯಲ್ಲಿ ಇಟ್ಟುಕೊಳ್ಳಬೇಕು.

ಬೆಳಗ್ಗೆ ಮೊದಲ ಕೊಡ ಇಳಿಯುವ ಮುಂಚೆ, ಕ್ಲೋರಿನ್ ಇದ್ದರೆ ನೀರನ್ನು ಹಳದಿ ಮಾಡುವ ಆರ್ಥೊಟಾಲಿಡಿನ್ ರಾಸಾಯನಿಕದ ಪರೀಕ್ಷೆ ಮಾಡುತ್ತಿದ್ದೆವು. ಲಾಟೀನು ಬೆಳಕಲ್ಲಿ ತೆಳು ಹಳದಿ ಕಣ್ಣಿಗೆ ಸಿಗುವುದಿಲ್ಲ, ಹಗಲಿನ ಬೆಳಕೇ ಬೇಕು. ಹನಿ ಬಿದ್ದು ಹತ್ತು ಸೆಕೆಂಡಿನೊಳಗೆ ಹಳದಿ ಬಂದರೆ ಕ್ಲೋರಿನ್ ಉಳಿದಿದೆ. ತಡವಾಗಿ ಬರುವ ಬಣ್ಣವನ್ನು ನಂಬಬಾರದು. ನೀರಿನ ಕಬ್ಬಿಣವೂ ಹಾಗೆ ಮೋಸ ಮಾಡುತ್ತದೆ. ಏನೂ ಬಾರದಿದ್ದರೆ ರಾತ್ರಿ ಹೊಸ ಸೆಲೆ ನೀರು ಸೇರಿದೆ, ಇಲ್ಲವೇ ಯಾರೋ ಸೇದಿದ್ದಾರೆ. ಅವತ್ತು ಸಂಜೆ ಮತ್ತೆ ಹಗ್ಗ, ಕಲ್ಲು, ಆರು ಬಟ್ಟಲು.